ಗಡಿಯಾಚೆಯ ಮೂರು ಕಸಬೆಗಳು: ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಚರಿತ್ರೆ ಮತ್ತು ಜನಸಂಖ್ಯೆ

1956ರ ರಾಜ್ಯಗಳ ಪುನರ್ವಿಂಗಡಣಾ ಕಾಯಿದೆಯ ಮೂರನೆಯ ಪ್ರಕರಣವು ಹೈದರಾಬಾದ್ ಸಂಸ್ಥಾನದ ಯಾವ ಯಾವ ಭಾಗಗಳು ಆಂಧ್ರಪ್ರದೇಶಕ್ಕೆ ಸೇರತಕ್ಕವು ಎಂಬುದನ್ನು ನಮೂದಿಸುತ್ತದೆ. ಜಿಲ್ಲೆಗಳ ಹೆಸರು ಮುಗಿದ ಮೇಲೆ ಬರುವ ಬಿಡಿ ತುಣುಕುಗಳ ಪಟ್ಟಿಯಲ್ಲಿ ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕು, ನಿರ್ಣಾ ಸರ್ಕಲನ್ನು ಹೊರತುಪಡಿಸಿ ಬೀದರ ಜಿಲ್ಲೆಯ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್ ಹಾಗೂ ನಾರಾಯಣಖೇಡ ತಾಲೂಕು ಇವೆ. ಕರ್ನಾಟಕ ಏಕೀಕರಣದ ಚರಿತ್ರೆಗಳಲ್ಲಿ ಈ ಸಾಲುಗಳಿಗೆ ಸಿಕ್ಕಿರುವ ಸ್ಥಳ ಬಹಳ ಕಡಿಮೆ. ಕಾಸರಗೋಡು, ಅಕ್ಕಲಕೋಟೆ, ಜತ್ತಗಳ ಕುರಿತು ಒಂದು ಸಾಹಿತ್ಯವೇ ಬೆಳೆದಿರುವಾಗ ಮಂಜೀರಾ ಮತ್ತು ಕಾಗಿಣಾ ತೀರಗಳ ಈ ಮೂರು ತಾಲೂಕು ಕೇಂದ್ರಗಳು ಗಡಿನಾಡ ಚರ್ಚೆಯ ಅಂಚಿನಲ್ಲಿಯೇ ಉಳಿದವು. ಇದಕ್ಕೆ ಅಲ್ಲಿಯ ಕನ್ನಡಿಗರ ಸಂಖ್ಯೆ ಅಲ್ಪವೆಂಬ ಉತ್ತರವನ್ನು ಸಾಮಾನ್ಯವಾಗಿ ಕೊಡಲಾಗುತ್ತದೆ. ಆದರೆ ಆ ಸಂಖ್ಯೆಯನ್ನು ಯಾವ ಘಟಕದಲ್ಲಿ ಎಣಿಸಲಾಯಿತು, ಊರಿನಲ್ಲಿಯೋ ತಾಲೂಕಿನಲ್ಲಿಯೋ ಸರ್ಕಲಿನಲ್ಲಿಯೋ, ಎಂಬ ಪ್ರಶ್ನೆಯನ್ನು ಕೇಳದೆ ಆ ಉತ್ತರವನ್ನು ಒಪ್ಪುವುದು ಕಷ್ಟ.

ಮೂರು ಕಸಬೆಗಳ ಹೆಸರುಗಳು ಮೂರು ಬಗೆಯವು. ಜಹೀರಾಬಾದಿನದು ಪಾರಸಿ ಸಂಪ್ರದಾಯದ ‘ಆಬಾದ್’, ನಾರಾಯಣಖೇಡದ್ದು ಮರಾಠಿ ಸೀಮೆಯ ‘ಖೇಡ’, ತಾಂಡೂರಿನದು ದ್ರಾವಿಡ ಭಾಷೆಗಳ ‘ಊರು’. ಕೇವಲ ಹೆಸರಿನಿಂದ ಊರಿನ ಭಾಷೆಯನ್ನು ನಿರ್ಣಯಿಸುವ ವಾಡಿಕೆ ಎಷ್ಟು ಅಪಾಯಕರವೆಂಬುದಕ್ಕೆ ಈ ಮೂರೇ ಸಾಕು. ಈ ಭೂಭಾಗದ ಹಳೆಯ ರಾಜಕೀಯ ಕೇಂದ್ರಗಳು ಎಲ್ಲಿದ್ದವೆಂಬುದನ್ನು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ತಾಂಡೂರಿನ ಬಳಿ ಹರಿದುಬರುವ ಕಾಗಿಣೆಯ ದಂಡೆಯ ಮೇಲೆಯೇ ಇದೆ. ಕಲ್ಯಾಣದ ಚಾಲುಕ್ಯರ ರಾಜಧಾನಿ ಜಹೀರಾಬಾದಿನ ಪಶ್ಚಿಮಕ್ಕಿದೆ. ಚಾಲುಕ್ಯ ಇಮ್ಮಡಿ ಜಯಸಿಂಹನು ಆಳಿದ ಪೊಟ್ಟಲಕೆರೆ ಇನ್ನೂ ಪೂರ್ವಕ್ಕೆ, ಇಂದು ಹೈದರಾಬಾದಿನ ಹೊರವಲಯವಾಗಿರುವ ಪಟಾನ್‌ಚೆರುವಿನಲ್ಲಿ. ಕನ್ನಡದ ‘ಕೆರೆ’ ತೆಲುಗಿನ ‘ಚೆರುವು’ ಆದ ಕ್ರಮವನ್ನು ಆ ಹೆಸರಿನಲ್ಲಿಯೇ ಕಾಣಬಹುದು. ಹಾಗಾಗಿ ಈ ತಾಲೂಕುಗಳು ಒಂದು ಕಾಲಕ್ಕೆ ಕನ್ನಡ ಆಡಳಿತದ ಅಂಚಲ್ಲ, ಅದರ ಒಳನಾಡು. ಹಾಗೆಂದು ಆ ಕಾಲದಲ್ಲಿ ಎಲ್ಲರೂ ಕನ್ನಡವನ್ನೇ ಆಡುತ್ತಿದ್ದರೆಂದು ಹೇಳಬೇಕಾಗಿಲ್ಲ. ಶಾಸನದ ಭಾಷೆ ಬೇರೆ, ಮನೆಯ ಭಾಷೆ ಬೇರೆ ಎಂಬ ಎಚ್ಚರವನ್ನು ಗಡಿನಾಡಿನ ಲೇಖಕರು ಅನೇಕ ಸಲ ಮರೆತಿದ್ದಾರೆ.

ಬಹಮನಿ, ಬರೀದಶಾಹಿ, ಆದಿಲಶಾಹಿ, ಮೊಗಲ ಆಳ್ವಿಕೆಗಳು ಕಳೆದು 1724ರ ಅನಂತರ ಈ ಸೀಮೆ ಆಸಫಜಾಹಿಗಳ ವಶವಾಯಿತು. ಕಸಬೆಯ ಇಂದಿನ ಸ್ವರೂಪ ರೂಪುಗೊಂಡದ್ದು ನಿಜಾಮರ ಕಾಲದ ಕೊನೆಯ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ. 1880ರ ದಶಕದಲ್ಲಿ ಪಾರಸಿಯ ಬದಲು ಉರ್ದು ಸಂಸ್ಥಾನದ ಆಡಳಿತ ಭಾಷೆಯಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿಗೆ ಒಪ್ಪಿಸಿತು. ತಹಶೀಲು, ಠಾಣೆ, ಅದಾಲತ್ತು, ಮದರಸಾ ಎಲ್ಲವೂ ಕಸಬೆಯಲ್ಲಿದ್ದವು. ಅವುಗಳ ಸುತ್ತ ನೆಲೆಸಿದ ನೌಕರರು, ವಕೀಲರು, ಅರ್ಜಿ ಬರೆಯುವವರು ಉರ್ದು ಬಲ್ಲವರಾಗಿದ್ದರು. ವಾರದ ಸಂತೆಗೆ ಬಂದ ರೈತನು ಹಳ್ಳಿಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಆಡಿ ಸಂಜೆಗೆ ಮನೆ ಸೇರುತ್ತಿದ್ದನು. ಕಸಬೆಯ ಜನಸಂಖ್ಯೆ ತನ್ನ ಸುತ್ತಲಿನ ಹಳ್ಳಿಗಳ ಭಾಷೆಯನ್ನು ಪ್ರತಿನಿಧಿಸದೆ ಹೋದದ್ದು ಹೀಗೆ. ಆಡಳಿತವು ತಾನೇ ಒಂದು ಊರನ್ನು ಬೆಳೆಸಿ, ತನ್ನ ಭಾಷೆಯನ್ನು ಅಲ್ಲಿ ನೆಲೆಗೊಳಿಸಿ, ಮುಂದೆ ಆ ಊರನ್ನೇ ತಾಲೂಕಿನ ಮುಖವೆಂದು ಓದಿತು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, 1949ರ ಜಹಗೀರು ರದ್ದತಿಗಳ ಬಳಿಕ ಪರಿಸ್ಥಿತಿ ಬದಲಾಗತೊಡಗಿತು. ಆದರೆ ಬದಲಾವಣೆಗೆ ದೊರೆತ ಅವಧಿ ಎಂಟೇ ವರ್ಷ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ತನ್ನ ವರದಿಯಲ್ಲಿ ಬೀದರ ಜಿಲ್ಲೆಯನ್ನು ಇಡಿಯಾಗಿ, ತೆಲುಗು ಜಿಲ್ಲೆಗಳೊಡನೆ, ಪ್ರತ್ಯೇಕ ಹೈದರಾಬಾದ್ ರಾಜ್ಯದಲ್ಲಿ ಉಳಿಸಬೇಕೆಂದು ಶಿಫಾರಸು ಮಾಡಿತ್ತು. ಆಯೋಗಕ್ಕೆ ಜಿಲ್ಲೆಯೇ ಮೂಲ ಘಟಕ. ಅದನ್ನು ಒಡೆಯಲು ಅದು ಸಾಮಾನ್ಯವಾಗಿ ಹಿಂಜರಿಯಿತು. ಪ್ರತ್ಯೇಕ ಹೈದರಾಬಾದಿನ ವಿಚಾರ ಬಿದ್ದುಹೋಗಿ ವಿಶಾಲಾಂಧ್ರ ನಿಶ್ಚಯವಾದಾಗ ಬೀದರವನ್ನು ಮೂರು ಪಾಲು ಮಾಡಲಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಔರಾದ ಮೈಸೂರಿಗೆ. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಇಡಿಯಾಗಿ ಹೈದರಾಬಾದಿಗೆ ಹೋಗಬೇಕಾಗಿದ್ದ ಜಿಲ್ಲೆಯ ಬಹುಭಾಗ ತಮಗೆ ದೊರೆತಾಗ, ದೊರೆಯದ ಎರಡು ತಾಲೂಕುಗಳ ಕುರಿತು ಕರ್ನಾಟಕದಲ್ಲಿ ದೊಡ್ಡ ದನಿ ಏಳಲಿಲ್ಲ. ಏಳಬೇಕೆಂದು ನಿರೀಕ್ಷಿಸುವುದೂ ಬಹುಶಃ ಅನ್ಯಾಯ.

ಇಲ್ಲಿ ನಿರ್ಣಾ ಮತ್ತು ನ್ಯಾಲಕಲ್ ಸರ್ಕಲುಗಳ ವಿನಿಮಯ ವಿಶೇಷವಾಗಿ ಪರಿಶೀಲನಾರ್ಹ. ಸರ್ಕಲ್ ಎಂದರೆ ಹೈದರಾಬಾದಿನ ಕಂದಾಯ ವ್ಯವಸ್ಥೆಯಲ್ಲಿ ಗಿರ್ದಾವರನ ಅಧೀನದ ಹಳ್ಳಿಗಳ ಗುಂಪು, ಹಳೆ ಮೈಸೂರಿನ ಹೋಬಳಿಗೆ ಸಮಾನವಾದುದು. ಜಹೀರಾಬಾದ್ ತಾಲೂಕಿನಿಂದ ನಿರ್ಣಾ ಸರ್ಕಲನ್ನು ಕಳಚಿ ಮೈಸೂರಿಗೆ ಕೊಡಲಾಯಿತು. ಬೀದರ ತಾಲೂಕಿನಿಂದ ನ್ಯಾಲಕಲ್ಲನ್ನು ಕಳಚಿ ಆಂಧ್ರಕ್ಕೆ ಕೊಡಲಾಯಿತು. ಅಂದರೆ ತಾಲೂಕು ಏಕಭಾಷಿಕವಲ್ಲವೆಂಬುದನ್ನು ಕಾಯಿದೆಯೇ ಒಪ್ಪಿಕೊಂಡಿದೆ; ಆಯೋಗಕ್ಕೆ ಒಡೆಯಲಾಗದ ಜಿಲ್ಲೆಯನ್ನು ಸಂಸತ್ತು ಹೋಬಳಿಯ ಮಟ್ಟದವರೆಗೆ ಒಡೆದಿದೆ. ಹೀಗೆ ಒಡೆಯಬಹುದಾಗಿದ್ದರೆ ಜಹೀರಾಬಾದ್, ನಾರಾಯಣಖೇಡಗಳ ಪಶ್ಚಿಮದ ಉಳಿದ ಹಳ್ಳಿಗಳನ್ನೂ ಅದೇ ಮಾನದಂಡದಿಂದ ಪರಿಶೀಲಿಸಬಹುದಾಗಿತ್ತು. ಮುಂದೆ 1966ರಲ್ಲಿ ನೇಮಕವಾದ ಮಹಾಜನ ಆಯೋಗದ ವ್ಯಾಪ್ತಿ ಮಹಾರಾಷ್ಟ್ರ, ಮೈಸೂರು, ಕೇರಳಗಳಿಗೆ ಸೀಮಿತವಾಗಿತ್ತು. ಆಂಧ್ರದ ಗಡಿ ಅದರ ಮುಂದೆ ಬರಲೇ ಇಲ್ಲ.

ತಾಂಡೂರಿನ ಚರಿತ್ರೆ ಬೇರೆ ದಾರಿಯದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹಳಿ ತೆರೆದಾಗ ಕಾಗಿಣಾ ಕಣಿವೆಯ ಈ ಊರು ಅದರ ಮೇಲೆ ಬಂತು. ಹಾಸುಗಲ್ಲು, ತೊಗರಿಗಳ ಸಾಗಾಟದಿಂದ ಕಸಬೆ ಪೇಟೆಯಾಯಿತು. ಸುಣ್ಣಕಲ್ಲಿನ ನೆಲವಾದ್ದರಿಂದ ಸಿಮೆಂಟು ಕಾರ್ಖಾನೆಗಳೂ ಬಂದವು, ಕರಣಕೋಟೆಯ ಕೇಂದ್ರ ಸರ್ಕಾರಿ ಸ್ವಾಮ್ಯದ ಕಾರ್ಖಾನೆ ಅವುಗಳಲ್ಲೊಂದು. ಕಲಬುರಗಿ ಸೀಮೆಯಲ್ಲಿ ಶಹಾಬಾದ ಕಲ್ಲೆನಿಸುವ ಹಾಸುಗಲ್ಲಿನ ಸೋದರನೇ ಇಲ್ಲಿ ತಾಂಡೂರು ಕಲ್ಲು. ತೊಗರಿಯ ಕತೆಯೂ ಹಾಗೆಯೇ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿ ದೊರೆಯಿತು, ತಾಂಡೂರಿನ ತೊಗರಿಗೆ 2022ರಲ್ಲಿ. 1956ರವರೆಗೆ ಒಂದೇ ಜಿಲ್ಲೆಯಲ್ಲಿದ್ದ ಕಪ್ಪುನೆಲದ ಒಂದೇ ಬೆಳೆ ಈಗ ಎರಡು ರಾಜ್ಯಗಳ ಎರಡು ಹೆಸರಿನ ಸರಕು. ಊರಿನ ಭಾವಗಿ ಭದ್ರೇಶ್ವರ ಜಾತ್ರೆಯ ಮೂಲವಾದರೋ ಬೀದರ ಸೀಮೆಯ ಭಾವಗಿಯಲ್ಲಿದೆ. ಜಾತ್ರೆಗೆ ಯಾವ ಕಾಯಿದೆಯೂ ಗಡಿ ಹಾಕಲಿಲ್ಲ. ಜಹೀರಾಬಾದಿನ ಸಮೀಪದ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೂ ಮೂರು ರಾಜ್ಯಗಳ ಭಕ್ತರು ನಡೆದುಕೊಳ್ಳುತ್ತಾರೆ.

ಇನ್ನು ಜನಸಂಖ್ಯೆಯ ವಿಚಾರ. 2011ರ ಜನಗಣತಿಯಲ್ಲಿ ಜಹೀರಾಬಾದ್ ಪಟ್ಟಣದ ಜನಸಂಖ್ಯೆ ಸುಮಾರು 71 ಸಾವಿರ, ತಾಂಡೂರಿನದು ಸುಮಾರು 65 ಸಾವಿರ. ಮುಂಬಯಿ–ಹೈದರಾಬಾದ್ ಮಾರ್ಗದ ಹೆದ್ದಾರಿ, ವಿಕಾರಾಬಾದಿನಿಂದ ಬೀದರಿಗೆ ಹೋಗುವ ರೈಲು, ಟ್ರ್ಯಾಕ್ಟರ್ ಕಾರ್ಖಾನೆ ಇವು ಜಹೀರಾಬಾದನ್ನು ಬೆಳೆಸಿದವು. ರೈಲನ್ನೇ ಕಾಣದ ನಾರಾಯಣಖೇಡ ಆಗ ಇನ್ನೂ ಪುರಸಭೆಯಾಗಿರಲಿಲ್ಲ, 2018ರಲ್ಲಿ ಆಯಿತು. ಮೊದಲೆರಡು ಪಟ್ಟಣಗಳ ಬೆಳವಣಿಗೆ ಹೊರಗಿನಿಂದ ಬಂದ ಜನರದು, ವ್ಯಾಪಾರಿಗಳದು, ಕಾರ್ಮಿಕರದು. ಪಟ್ಟಣ ಬೆಳೆದಷ್ಟೂ ತಾಲೂಕಿನ ಒಟ್ಟು ಸಂಖ್ಯೆಯಲ್ಲಿ ಗಡಿಹಳ್ಳಿಗಳ ತೂಕ ಇಳಿಯುತ್ತದೆ. ಹಳ್ಳಿಯ ಒಬ್ಬ ಕನ್ನಡಿಗನೂ ಊರು ಬಿಡದೆ, ತನ್ನ ಭಾಷೆಯನ್ನೂ ಬಿಡದೆ, ಕನ್ನಡದ ಶೇಕಡಾವಾರು ಪ್ರಮಾಣ ಕುಸಿಯುವುದು ಹೀಗೆ.

ಇದು ಕೇವಲ ಲೆಕ್ಕಶಾಸ್ತ್ರದ ಸೂಕ್ಷ್ಮವಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ರಾಷ್ಟ್ರೀಯ ಒಪ್ಪಂದಗಳೆಲ್ಲ ಶೇಕಡಾವಾರಿನ ಮೇಲೆಯೇ ನಿಂತಿವೆ. ತಾಲೂಕು ಅಥವಾ ಪುರಸಭೆಯ ಜನಸಂಖ್ಯೆಯಲ್ಲಿ ಶೇ. 15ರಿಂದ 20ರಷ್ಟು ಜನ ಒಂದು ಅಲ್ಪಸಂಖ್ಯಾತ ಭಾಷೆಯವರಾಗಿದ್ದರೆ ಮುಖ್ಯ ಪ್ರಕಟಣೆಗಳು ಆ ಭಾಷೆಯಲ್ಲಿಯೂ ಹೊರಡಬೇಕು. ಜಿಲ್ಲೆಯಲ್ಲಿ ಶೇ. 60ರಷ್ಟಿದ್ದರೆ ಅದು ಹೆಚ್ಚುವರಿ ಅಧಿಕೃತ ಭಾಷೆಯಾಗಬಹುದು. ಮೇದಕದಂತಹ ದೊಡ್ಡ ತೆಲುಗು ಜಿಲ್ಲೆಗೆ ಸೇರಿದೊಡನೆ ಎರಡನೆಯ ಮಿತಿ ಈ ಎರಡು ತಾಲೂಕುಗಳಿಗೆ ಶಾಶ್ವತವಾಗಿ ಕೈತಪ್ಪಿತು. ಮೊದಲನೆಯದು ಘಟಕವನ್ನು ಅವಲಂಬಿಸಿತು. 1985ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ತಾಲೂಕುಗಳನ್ನು ರದ್ದುಪಡಿಸಿ ರಾಜ್ಯವನ್ನು ಸಾವಿರಕ್ಕೂ ಹೆಚ್ಚು ಮಂಡಲಗಳಾಗಿ ವಿಂಗಡಿಸಿತು. ನ್ಯಾಲಕಲ್, ಮನೂರು, ಕಂಗಟಿ, ತಾಂಡೂರು ಕಡೆಯ ಬಶೀರಾಬಾದ್ ಪ್ರತ್ಯೇಕ ಮಂಡಲಗಳಾದವು. ಕಸಬೆಯ ಭಾರದಿಂದ ಕಳಚಿಕೊಂಡ ಗಡಿಮಂಡಲಗಳಲ್ಲಿ ಕನ್ನಡದ ಪಾಲು ಮೊದಲ ಬಾರಿಗೆ ಸ್ವತಂತ್ರವಾಗಿ ಕಾಣುವಂತಾದುದು ಆಗಲೇ. ಆಡಳಿತವನ್ನು ಜನರ ಬಳಿಗೆ ಒಯ್ಯಲೆಂದು ಮಾಡಿದ ಸುಧಾರಣೆ, ಯಾರೂ ಉದ್ದೇಶಿಸದೆ, ಭಾಷಾ ಅಲ್ಪಸಂಖ್ಯಾತರಿಗೆ ಅನುಕೂಲವಾದ ಒಂದು ಅಳತೆಗೋಲನ್ನು ಒದಗಿಸಿತು. ಆ ಅಳತೆಗೋಲನ್ನು ಬಳಸಿಕೊಂಡವರು ಕಡಿಮೆ ಎಂಬುದು ಬೇರೆ ಮಾತು. 2016ರ ಅಕ್ಟೋಬರಿನ ಪುನರ್ರಚನೆಯಲ್ಲಿ ಜಹೀರಾಬಾದ್, ನಾರಾಯಣಖೇಡ ಹೊಸ ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ನಾಗಲಗಿದ್ದ, ಮೊಗುಡಂಪಲ್ಲಿಗಳಂತಹ ಇನ್ನೂ ಚಿಕ್ಕ ಗಡಿಮಂಡಲಗಳು ಹುಟ್ಟಿದವು.

ಸಂಖ್ಯೆಗಳನ್ನು ಓದುವಾಗ ಮತ್ತೊಂದು ತೊಡಕಿದೆ. ನಾರಾಯಣಖೇಡ ಸೀಮೆಯಲ್ಲಿ ಲಂಬಾಣಿ ತಾಂಡಾಗಳು ಹೇರಳ. ಜನಗಣತಿಯು ಲಂಬಾಣಿಯನ್ನು ಹಿಂದಿಯ ಶೀರ್ಷಿಕೆಯಡಿ ಸೇರಿಸುವುದರಿಂದ ಕೋಷ್ಟಕದಲ್ಲಿ ಹಿಂದಿಯವರು ಅನಿರೀಕ್ಷಿತ ಸಂಖ್ಯೆಯಲ್ಲಿ ಕಾಣಿಸುತ್ತಾರೆ. ಇದೇ ಜನ 1976ರ ತಿದ್ದುಪಡಿಯಿಂದ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡದವರು. ಗಡಿ ದಾಟಿ ಔರಾದಕ್ಕೆ ಬಂದರೆ ಪರಿಶಿಷ್ಟ ಜಾತಿಯವರು. ಒಂದೇ ಮನೆತನದ ಎರಡು ಕವಲುಗಳು ಎರಡು ಅನುಸೂಚಿಗಳಲ್ಲಿ ಬರುವ ಸಂದರ್ಭ ಇಲ್ಲಿ ಅಪರೂಪವಲ್ಲ. ಕನ್ನಡ, ತೆಲುಗು, ಮರಾಠಿ ಮೂರನ್ನೂ ಆಡಬಲ್ಲ ತಾಂಡಾದವರನ್ನು ಮೂರೂ ಭಾಷೆಗಳ ಅಭಿಮಾನಿಗಳು ತಮ್ಮವರೆಂದು ಎಣಿಸುವುದುಂಟು.

ಶಾಲೆಯ ಪ್ರಶ್ನೆಯಲ್ಲಿ ಮಾನದಂಡ ಶೇಕಡಾವಾರಲ್ಲ, ತಲೆಯೆಣಿಕೆ. 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯದಂತೆ ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ಒದಗಿಸತಕ್ಕದ್ದು. ಸಂವಿಧಾನದ 350-ಎ ವಿಧಿ 1956ರಲ್ಲಿ ಇದಕ್ಕೆ ಬಲ ಕೊಟ್ಟಿತು. ತೆಲಂಗಾಣವು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಈ ಸೌಲಭ್ಯವನ್ನು ಕಡೆಗಣಿಸಿ ಆ ರಾಜ್ಯವನ್ನು ದೂರುವುದು ಸರಿಯಲ್ಲ. ತೊಡಕಿರುವುದು ಹತ್ತನೆಯ ತರಗತಿಯ ಆಚೆಗೆ. 2018ರ ಕಾಯಿದೆ ಎಲ್ಲ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯಗೊಳಿಸಿದ ಮೇಲೆ ಕನ್ನಡದ ಮಗು ಕನ್ನಡ, ತೆಲುಗು, ಇಂಗ್ಲಿಷುಗಳನ್ನು ಒಟ್ಟಿಗೆ ಹೊರಬೇಕು. ಮುಂದಿನ ಕಾಲೇಜು, ನೌಕರಿಗಳ ದಾರಿ ತೆಲುಗು ಅಥವಾ ಇಂಗ್ಲಿಷಿನದು. ತಂದೆತಾಯಿ ಇದನ್ನು ಲೆಕ್ಕ ಹಾಕಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದಾಗ ತರಗತಿಯಲ್ಲಿ ಹತ್ತು ಒಂಬತ್ತಾಗುತ್ತದೆ, ಶಿಕ್ಷಕನ ಹುದ್ದೆಯ ಆಧಾರವೇ ಕುಸಿಯುತ್ತದೆ.

ಗಡಿಯ ಈಚೆಗಿನ ನಿರ್ಣಾದ ಸ್ಥಿತಿಯನ್ನು ಇದರೊಡನೆ ಹೋಲಿಸಬಹುದು. 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371-ಜೆ ವಿಧಿ ಹೈದರಾಬಾದ್ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಒದಗಿಸಿತು. ನಿಜಾಮರ ಆಡಳಿತದಿಂದ ಉಳಿದ ಹಿಂದುಳಿದಿರುವಿಕೆಯೇ ಅದರ ಸಮರ್ಥನೆ. 1956ರ ಅಕ್ಟೋಬರ್ 31ರವರೆಗೆ ಒಂದೇ ತಹಶೀಲಿಗೆ ಕಂದಾಯ ಕಟ್ಟುತ್ತಿದ್ದ ನಿರ್ಣಾ ಮತ್ತು ಜಹೀರಾಬಾದುಗಳಲ್ಲಿ ಮೊದಲನೆಯದಕ್ಕೆ ಈ ಸಮರ್ಥನೆ ಅನ್ವಯಿಸುತ್ತದೆ, ಎರಡನೆಯದಕ್ಕೆ ಇಲ್ಲ. ರಾಜಕೀಯ ಭೂಪಟದಲ್ಲಿ ಮಾತ್ರ ಒಂದು ವಿಚಿತ್ರ ಪುನರ್ಮಿಲನ ನಡೆದಿದೆ. 2009ರಿಂದ ಚುನಾವಣೆ ನಡೆಯುತ್ತಿರುವ ಜಹೀರಾಬಾದ್ ಲೋಕಸಭಾ ಕ್ಷೇತ್ರದಲ್ಲಿ ಬೀದರದಿಂದ ಕತ್ತರಿಸಿದ ಜಹೀರಾಬಾದ್, ನಾರಾಯಣಖೇಡಗಳೊಡನೆ ನಾಂದೇಡದಿಂದ ಕತ್ತರಿಸಿದ ಜುಕ್ಕಲ್ ಕೂಡ ಸೇರಿದೆ. ಕಾಮಾರೆಡ್ಡಿ, ಬಾನಸವಾಡಗಳಂತಹ ತೆಲುಗು ಕ್ಷೇತ್ರಗಳು ಜೊತೆಗಿರುವುದರಿಂದ ಇದಕ್ಕೆ ಭಾಷಿಕ ಅರ್ಥವನ್ನು ಹಚ್ಚುವಂತಿಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನಾಂಕವೆಂದು ಕೇಂದ್ರ ಸರ್ಕಾರ 2025ರ ಜೂನ್ ತಿಂಗಳಲ್ಲಿ ಅಧಿಸೂಚಿಸಿದೆ. 2011ರ ನಮೂನೆಯಲ್ಲಿ ಮಾತೃಭಾಷೆಗೆ ಒಂದು ಅಂಕಣವೂ ಬಲ್ಲ ಇತರ ಎರಡು ಭಾಷೆಗಳಿಗೆ ಇನ್ನೊಂದು ಅಂಕಣವೂ ಇದ್ದವು. ಹದನೂರಿನ ಅಥವಾ ಬಶೀರಾಬಾದಿನ ಮನೆಯ ಬಾಗಿಲಿಗೆ ಬರುವ ಗಣತಿದಾರನು ಬಹುತೇಕ ಅದೇ ಮಂಡಲದ ಶಾಲಾ ಶಿಕ್ಷಕನೇ ಆಗಿರುತ್ತಾನೆ. ಪ್ರಶ್ನೆಯನ್ನು ತೆಲುಗಿನಲ್ಲಿ ಕೇಳಲಾಗುತ್ತದೆ, ಉತ್ತರವೂ ಸೌಜನ್ಯಕ್ಕಾಗಿ ತೆಲುಗಿನಲ್ಲಿಯೇ ಬರುತ್ತದೆ. ಉತ್ತರ ಕೊಟ್ಟ ಭಾಷೆ ಮೊದಲನೆಯ ಅಂಕಣಕ್ಕೆ ಸೇರಿ, ಮನೆಯೊಳಗಿನ ಭಾಷೆ ಎರಡನೆಯದಕ್ಕೆ ಹೋದರೆ, ಆ ಮಂಡಲದ ಮುಂದಿನ ಹತ್ತು ವರ್ಷಗಳ ಶೇಕಡಾವಾರು ಅದೇ.