ಅರ್ಧ ಟಿಕೆಟ್ಟಿನ ಚರಿತ್ರೆ, ತೊಂಡೇಬಾವಿ ಸ್ಟೇಷನ್ನಿಂದ

ನಮ್ಮ ಆಫೀಸಿನಲ್ಲಿ ಮಕ್ಕಳಿರುವವರು ಟ್ರಿಪ್ ಅಂದ ಕೂಡಲೇ ಎಕ್ಸೆಲ್ ಶೀಟ್ ತೆಗೀತಾರೆ. ಒಂದು ಕಾಲಮ್ಮಿನಲ್ಲಿ ಹೋಟೆಲ್ಲು, ಇನ್ನೊಂದರಲ್ಲಿ ಕ್ಯಾಬು, ಮೂರನೇದರಲ್ಲಿ ಮಗು ಮಲಗೋ ಟೈಮು. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ವಾಪಸ್ ಬಂದವರ ಮುಖ ನೋಡಿದ್ರೆ, ಪ್ರೊಡಕ್ಷನ್ ರಿಲೀಸ್ ಮುಗಿಸಿ ಬಂದಂಗಿರುತ್ತೆ. ಮಕ್ಕಳನ್ನ ಕರ್ಕೊಂಡು ಕಡಿಮೆ ಖರ್ಚಲ್ಲಿ, ತಲೆ ಕೆಡಿಸ್ಕೊಳ್ಳದೆ ತಿರುಗಾಡೋದು ಹೇಗೆ ಅನ್ನೋದಕ್ಕೆ ಇವತ್ತು ಹತ್ತಾರು ಆ್ಯಪ್‌ಗಳು ಉತ್ತರ ಕೊಡ್ತವೆ. ಇದೇ ಪ್ರಶ್ನೆಗೆ ಒಂದು ಹಳೇ ಉತ್ತರ ಕಾನೂನಿನ ಪುಸ್ತಕದಲ್ಲಿದೆ. ಅದರ ವರ್ಷ 1844.

1841ರ ಕ್ರಿಸ್ಮಸ್ ಹಿಂದಿನ ದಿನ ಇಂಗ್ಲೆಂಡಿನ ಸಾನಿಂಗ್ ಎಂಬಲ್ಲಿ ರೈಲೊಂದು ಮಣ್ಣಿನ ಕುಸಿತಕ್ಕೆ ಗುದ್ದಿತು. ತೆರೆದ ಬಂಡಿಗಳಲ್ಲಿ ಸರಕಿನ ಥರ ಕೂತಿದ್ದ ಕೂಲಿಕಾರರು ಹಾರಿಬಿದ್ದು ಸತ್ತರು. ಬಡವರನ್ನು ಹೀಗೆ ಸಾಗಿಸೋದು ಸರಿಯಾ ಅಂತ ಚರ್ಚೆಯಾಗಿ, ಗ್ಲಾಡ್‌ಸ್ಟನ್ ಮುಂದಾಳತ್ವದಲ್ಲಿ 1844ರ ರೈಲ್ವೆ ಕಾಯ್ದೆ ಬಂತು. ದಿನಕ್ಕೆ ಒಂದಾದ್ರೂ ಅಗ್ಗದ ಗಾಡಿ ಓಡಿಸಬೇಕು, ಬೋಗಿಗೆ ಚಾವಣಿ ಇರಬೇಕು, ಗಂಟೆಗೆ ಕನಿಷ್ಠ 12 ಮೈಲಿ ವೇಗ, ಎಲ್ಲ ಸ್ಟೇಷನ್ನಲ್ಲೂ ನಿಲ್ಲಬೇಕು, ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚು ಕೇಳಬಾರದು. ಜೊತೆಗೆ ಇನ್ನೊಂದು ಸಾಲು: ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಮೂರರಿಂದ ಹನ್ನೆರಡರವರೆಗೆ ಅರ್ಧ.

ಓದಿದ್ರೆ ನಮ್ಮ ಪ್ಯಾಸೆಂಜರ್ ಗಾಡಿಯ ವರ್ಣನೆ ಥರಾನೇ ಇದೆ, ಅಲ್ವಾ? ಆ ‘ಅರ್ಧ’ ಸಮುದ್ರ ದಾಟಿ ಇಲ್ಲಿಗೂ ಬಂತು. ಈಗ ನಮ್ಮಲ್ಲಿ ಐದರೊಳಗೆ ಉಚಿತ, ಐದರಿಂದ ಹನ್ನೆರಡು ಅರ್ಧ. ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲಿ ಆರರಿಂದ ಹನ್ನೆರಡು. ಇದರಿಂದ ನಮ್ಮ ಕಡೆ ಮಕ್ಕಳಿಗೆ ಎರಡು ವಯಸ್ಸು ಇರ್ತಿತ್ತು, ಸ್ಕೂಲಿಗೆ ಸೇರಿಸೋಕೆ ಒಂದು, ಟಿ.ಸಿ. ಬಂದಾಗ ಹೇಳೋಕೆ ಇನ್ನೊಂದು. 1962ರಲ್ಲಿ ಕಿಶೋರ್ ಕುಮಾರ್ ‘ಹಾಫ್ ಟಿಕೆಟ್’ ಅಂತ ಒಂದು ಇಡೀ ಸಿನಿಮಾವನ್ನೇ ಇದರ ಮೇಲೆ ಮಾಡಿದ್ದಾನೆ. ದುಡ್ಡಿಲ್ಲದ ಗಂಡಸು ಚಡ್ಡಿ ಹಾಕ್ಕೊಂಡು ಮಗುವಿನ ವೇಷದಲ್ಲಿ ರೈಲು ಹತ್ತೋ ಕಥೆ.

ನಮ್ಮ ತೊಂಡೇಬಾವಿಗೆ ಹಳಿ ಬಂದದ್ದು 1892-93ರ ಸುಮಾರಿಗೆ, ಯಶವಂತಪುರದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಹೋಗೋ ಮೀಟರ್‌ಗೇಜ್ ದಾರಿ. ಯಾರೂ ಫ್ಯಾಮಿಲಿ ಟ್ರಿಪ್ಪಿಗೆ ಅಂತ ಇದನ್ನ ಹಾಕಲಿಲ್ಲ. 1876-78ರ ಬರದಲ್ಲಿ ಮೈಸೂರು ಸೀಮೆಯ ಜನ ಲಕ್ಷಗಟ್ಟಲೆ ಸತ್ತಿದ್ರು. ಕಾಳು ಇರೋ ಕಡೆಯಿಂದ ಇಲ್ಲದ ಕಡೆಗೆ ತರೋಕೆ ದಾರಿ ಇರಲಿಲ್ಲ. ಈ ದಾರಿಯನ್ನು ನಡೆಸಿದ ಸದರನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿದ್ದೇ ಆ ಬರದ ನೆನಪಲ್ಲಿ. ಆದ್ರೆ ಹಳಿ ಹಾಕಿದ ಮೇಲೆ ಜನ ಕೇಳ್ತಾರಾ? ಮೂಟೆ ಬರೋ ದಾರಿಯಲ್ಲಿ ಮಕ್ಕಳನ್ನ ಕಂಕುಳಲ್ಲಿ ಇಟ್ಕೊಂಡು ಜಾತ್ರೆಗೆ ಹೊರಟರು.

ಈ ದಾರಿಯಲ್ಲಿ ಜಾತ್ರೆಗೇನು ಕಡಿಮೆ? ಬೆಂಗಳೂರಿನ ಕಡೆಗೆ ಹೋದ್ರೆ ಮುಂದಿನ ಸ್ಟೇಷನ್ ಮಾಕಳಿದುರ್ಗ, ಅಲ್ಲಿಂದ ಘಾಟಿ ಸುಬ್ರಹ್ಮಣ್ಯ. ಹಿಂದೂಪುರದ ಕಡೆಗೆ ಹೋದ್ರೆ ಗೌರಿಬಿದನೂರು ಆದ ಮೇಲೆ ವಿದುರಾಶ್ವತ್ಥ, ದೇವರ ಹೆಸರಿಗೇ ಒಂದು ಸ್ಟೇಷನ್ನು. ಎರಡೂ ನಾಗರ ಕ್ಷೇತ್ರ, ಮಕ್ಕಳಿಲ್ಲದವರು ಹರಕೆ ಹೊರೋ ಜಾಗ. ಅಂದ್ರೆ ನಮ್ಮೂರಿನ ಎಷ್ಟೋ ಮಕ್ಕಳ ಮೊದಲ ರೈಲು ಪ್ರಯಾಣ ಅವು ಹುಟ್ಟೋಕೆ ಮುಂಚೆನೇ ನಿಗದಿಯಾಗಿರ್ತಿತ್ತು. ಮಗು ಆಗ್ಲಿ ಅಂತ ಒಂದು ಸಲ, ಆದ ಮೇಲೆ ಹರಕೆ ತೀರಿಸೋಕೆ ಇನ್ನೊಂದು ಸಲ.

ನಮ್ಮಜ್ಜಿ ಕಾಲದವರ ಪ್ರಯಾಣ ನೋಡಿದ್ರೆ ಒಂದು ವಿಷಯ ಹೊಳೆಯುತ್ತೆ. ಅವರು ಪ್ಲಾನ್ ಮಾಡ್ತಿರಲಿಲ್ಲ ಅಂತಲ್ಲ, ಮಾಡಬೇಕಾದ್ದು ತುಂಬಾ ಕಡಿಮೆ ಇತ್ತು. ದಿನಕ್ಕೆ ಒಂದೇ ಜಾಗ. ಬೆಳಗಿನ ಗಾಡಿಗೆ ಹೋಗಿ ಸಂಜೆ ಗಾಡಿಗೆ ಬರೋದು. ರಿಸರ್ವೇಶನ್ ಇಲ್ಲ, ಹಾಗಾಗಿ ಕ್ಯಾನ್ಸಲೇಶನ್ನೂ ಇಲ್ಲ. ಮಗುಗೆ ಜ್ವರ ಬಂದ್ರೆ ಹೋಗಲ್ಲ, ಅಷ್ಟೇ. ಗಾಡಿ ತಪ್ಪಿದ್ರೆ ಮುಂದಿನದು ಬರೋವರೆಗೂ ಪ್ಲಾಟ್‌ಫಾರ್ಮಿನ ಮರದ ಕೆಳಗೆ ಬುತ್ತಿ ಬಿಚ್ಚೋದು. ಪುಳಿಯನ್ನ, ಮೊಸರನ್ನ, ಹುರಿದ ಕಡ್ಲೇಕಾಯಿ. ಮಕ್ಕಳಿಗೆ ಅದೂ ಟ್ರಿಪ್ಪಿನ ಭಾಗವೇ.

ಇದನ್ನ ಕೇಳಿ ‘ಆಹಾ, ಆ ಕಾಲ’ ಅನ್ನೋರಿಗೆ ಒಂದು ಮಾತು. ಬುತ್ತಿ ತಾನಾಗೇ ಕಟ್ಕೊಳ್ತಿರಲಿಲ್ಲ. ಗಂಡಸರು ನಿರಾಳವಾಗಿ ಕಿಟಕಿ ಪಕ್ಕ ಕೂರ್ತಿದ್ದ ಆ ಪ್ರಯಾಣಕ್ಕೆ ಮನೆ ಹೆಂಗಸರು ಬೆಳಗಿನ ಜಾವ ಮೂರಕ್ಕೆ ಎದ್ದು ಒಲೆ ಹಚ್ಚಿರ್ತಿದ್ರು. ಟ್ರಿಪ್ಪಿನ ಟೆನ್ಷನ್ ಆಗಲೂ ಇತ್ತು, ಅಡುಗೆಮನೆಯಲ್ಲಿ ಮುಗಿದು ಹೋಗ್ತಿತ್ತು.

ರಾತ್ರಿ ಉಳಿಯೋದಾದ್ರೆ ಛತ್ರ. ಗುಬ್ಬಿ ತೋಟದಪ್ಪನವರು 1897ರಲ್ಲಿ ಬೆಂಗಳೂರು ಸಿಟಿ ಸ್ಟೇಷನ್ ಹತ್ತಿರ ರೈಲ್ವೆಯವರಿಂದ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಉದ್ಘಾಟಿಸಿದರು. ಆ ವ್ಯಾಪಾರಿಯ ಬುದ್ಧಿ ನೋಡಿ, ಊರ ಮಧ್ಯೆ ಅಲ್ಲ, ದೇವಸ್ಥಾನದ ಎದುರು ಅಲ್ಲ, ಸ್ಟೇಷನ್ ಪಕ್ಕದಲ್ಲಿ. ರಾತ್ರಿ ಗಾಡಿ ಇಳಿದ ಸಂಸಾರ ಗಂಟುಮೂಟೆ ಹೊತ್ತು ಎಷ್ಟು ದೂರ ನಡೆಯಬಲ್ಲದು ಅನ್ನೋ ಲೆಕ್ಕ ಗೊತ್ತಿದ್ದವರು ಮಾತ್ರ ಹೀಗೆ ಯೋಚಿಸ್ತಾರೆ. ಬೇರೆ ಎಷ್ಟೋ ಛತ್ರಗಳಲ್ಲಿ ಜಾತಿ ಕೇಳಿ ಜಾಗ ಕೊಡ್ತಿದ್ದ ಕಾಲ ಅದು, ಅದನ್ನೂ ಮರೀಬಾರದು. ಥರ್ಡ್ ಕ್ಲಾಸ್ ಬೋಗಿಯಲ್ಲಿ ಪಕ್ಕ ಪಕ್ಕ ಕೂತು ಬಂದವರು ಇಳಿದ ಮೇಲೆ ಬೇರೆ ಬೇರೆ ಬಾಗಿಲಿಗೆ ಹೋಗಬೇಕಿತ್ತು.

ಟಿಕೆಟ್ಟಿಗೂ ದುಡ್ಡಿಲ್ಲದವರು? ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರೋಕೆ 80 ಕಿಲೋಮೀಟರಿಗೂ ಹೆಚ್ಚು ದೂರ ನಡೆದೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್ಚೆನ್ ಇವರೇ. ಆ ಹೊತ್ತಿಗೆ ರೈಲು ಬಂದು ನಲವತ್ತು ವರ್ಷ ದಾಟಿತ್ತು. ಹುಡುಗನಿಗೆ ಅರ್ಧ ಟಿಕೆಟ್ಟಿನ ವಯಸ್ಸು ದಾಟಿತ್ತು, ಪೂರ್ತಿ ಟಿಕೆಟ್ಟಿಗೆ ಕಾಸಿರಲಿಲ್ಲ. ಅಗ್ಗದ ಪ್ರಯಾಣ ಅನ್ನೋದನ್ನ ನಾವು ವೀಕೆಂಡಿನ ವಿಷಯ ಅಂದ್ಕೊಂಡಿದ್ದೀವಿ. ನಮ್ಮ ಕಡೆ ಅದು ಹೈಸ್ಕೂಲಿನ ವಿಷಯ ಕೂಡ ಆಗಿತ್ತು.

ಇದಾಗಿ ಮೂರು ವರ್ಷಕ್ಕೆ, 1938ರ ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಜಾತ್ರೆ ಕಾಲದ ಜನಸಂದಣಿಯ ನಡುವೆ ಧ್ವಜ ಸತ್ಯಾಗ್ರಹ ನಡೀತಿತ್ತು. ಅದೇ ತಿಂಗಳು ಮದ್ದೂರಿನ ಹತ್ತಿರ ಶಿವಪುರದಲ್ಲಿ ಬಾವುಟ ಹಾರಿಸಿದ್ದರ ಮುಂದುವರಿಕೆ. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಅಂತ ಸರ್ಕಾರ ಹೇಳಿತು, ಮೂವತ್ತೆರಡು ಅಂತ ಜನ ಇವತ್ತಿಗೂ ಹೇಳ್ತಾರೆ. ಮುಂದಿನ ತಿಂಗಳು ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸೋಕೆ ಅವಕಾಶ ಸಿಕ್ಕಿತು. ಪಠ್ಯದಲ್ಲಿ ಇದನ್ನ ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಅಂತ ಒಂದು ಸಾಲಲ್ಲಿ ಓದಿದ್ದೀವಿ. ಆ ಸಾಲಲ್ಲಿ ಒಂದು ವಿಷಯ ಕಾಣಲ್ಲ: ಅದು ಜನ ಸಂಸಾರ ಸಮೇತ, ಬುತ್ತಿ ಕಟ್ಕೊಂಡು ಬರೋ ಜಾಗ, ಬರೋ ಕಾಲ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೇ ಸಂಸಾರಗಳ ಪ್ರಯಾಣಕ್ಕೆ ದುಡ್ಡು ಕೊಡೋಕೆ ಶುರು ಮಾಡ್ತು. ಕೇಂದ್ರ ಸರ್ಕಾರಿ ನೌಕರರಿಗೆ 1956ರಲ್ಲಿ ಎಲ್.ಟಿ.ಸಿ. ಬಂತು. ಮೊದಲಿಗೆ ಅದು ಇದ್ದದ್ದು ಸ್ವಂತ ಊರಿಗೆ ಹೋಗಿಬರೋಕೆ. ಗೋವಾಗೆ ಅಲ್ಲ, ಅಜ್ಜಿ ಮನೆಗೆ. ನಿಮ್ಮ ಪೇಸ್ಲಿಪ್ಪಿನಲ್ಲಿ ಎಲ್.ಟಿ.ಎ. ಅಂತ ಒಂದು ಸಾಲಿದ್ರೆ ಅದು ಇದರ ಖಾಸಗಿ ತಮ್ಮ. ಹಳೇ ತೆರಿಗೆ ಪದ್ಧತಿಯಲ್ಲಿದ್ರೆ ನಾಲ್ಕು ವರ್ಷಕ್ಕೆ ಎರಡು ಸಲ, ದೇಶದೊಳಗಿನ ಪ್ರಯಾಣದ ಟಿಕೆಟ್ಟಿಗೆ ಮಾತ್ರ ವಿನಾಯಿತಿ. ಹೋಟೆಲ್ ಬಿಲ್ಲಿಗಿಲ್ಲ. ಹೊಸ ಪದ್ಧತಿಗೆ ಹೋದವರು ಆ ಸಾಲನ್ನ ನೋಡಿ ಸಂತೋಷಪಡಬಹುದು ಅಷ್ಟೇ.

ಅರ್ಧ ಟಿಕೆಟ್ಟಿಗೆ ದೊಡ್ಡ ಪೆಟ್ಟು ಬಿದ್ದದ್ದು 2016ರ ಏಪ್ರಿಲ್‌ನಲ್ಲಿ. ರಿಸರ್ವೇಶನ್ ಬೋಗಿಯಲ್ಲಿ ಐದರಿಂದ ಹನ್ನೆರಡರೊಳಗಿನ ಮಗುಗೆ ಬರ್ತ್ ಬೇಕಾದ್ರೆ ಪೂರ್ತಿ ದುಡ್ಡು, ಬೇಡ ಅಂದ್ರೆ ಮಾತ್ರ ಅರ್ಧ. ಏಳು ವರ್ಷದಲ್ಲಿ ಇದರಿಂದ ರೈಲ್ವೆಗೆ 2,800 ಕೋಟಿಗೂ ಹೆಚ್ಚು ಹೆಚ್ಚುವರಿ ಆದಾಯ ಬಂತು ಅಂತ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಸಿಕ್ಕಿತ್ತು. ಬರ್ತ್‌ಗೆ ದುಡ್ಡು ಕೇಳೋದು ತಪ್ಪಲ್ಲ, ಒಂದು ಬರ್ತ್ ಅಂದ್ರೆ ಒಂದು ಬರ್ತ್, ಅದೂ ನಿಜ. ಆದ್ರೆ ಇಬ್ಬರು ಮಕ್ಕಳ ಅಪ್ಪ ಅಮ್ಮ ಈಗ ಬುಕ್ ಮಾಡುವಾಗ, ಒಂದೇ ಬರ್ತಿನಲ್ಲಿ ಎಂಟು ವರ್ಷದವನನ್ನ ಮಲಗಿಸ್ಕೊಂಡು ರಾತ್ರಿ ಕಳೀಬಹುದಾ ಅಂತ ಲೆಕ್ಕ ಹಾಕಬೇಕು. ಮುಂಚೆ ಆ ಲೆಕ್ಕ ನಿಯಮವೇ ಮಾಡಿ ಮುಗಿಸಿತ್ತು. ನಿಯಮ ಒಂದು ಹೆಜ್ಜೆ ಹಿಂದೆ ಸರಿದಾಗಲೆಲ್ಲ ನಮ್ಮ ಎಕ್ಸೆಲ್ ಶೀಟಿಗೆ ಒಂದು ಕಾಲಮ್ ಸೇರುತ್ತೆ.

ಕೋವಿಡ್ ಆದ ಮೇಲೆ ಪ್ಯಾಸೆಂಜರ್ ಗಾಡಿಗಳು ‘ಸ್ಪೆಷಲ್’ ಹೆಸರಲ್ಲಿ ವಾಪಸ್ ಬಂದಾಗ ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿತ್ತು. ಅದೇ ಹಳಿ, ಅದೇ ವೇಗ, ಹೆಸರು ಮಾತ್ರ ಹೊಸದು. ಪಕ್ಕದ ಸ್ಟೇಷನ್ನಿಗೆ ಹೋಗಿ ಬರೋಕೆ ಒಬ್ಬರಿಗೆ 20 ಆಗೋ ಕಡೆ 60. ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಕಾಫಿಯ ವ್ಯತ್ಯಾಸ ಇದು, ಕೂಲಿ ಮಾಡೋ ಮನೆಯಲ್ಲಿ ಜಾತ್ರೆಗೆ ಮಕ್ಕಳನ್ನ ಕರ್ಕೊಂಡು ಹೋಗೋದಾ ಬಿಡೋದಾ ಅನ್ನೋ ವ್ಯತ್ಯಾಸ. 2024ರ ಫೆಬ್ರವರಿ ಕೊನೆಗೆ ಹಳೇ ದರ ವಾಪಸ್ ಬಂತು. ಅಷ್ಟರಲ್ಲಿ, 2023ರ ಜೂನ್ 11ರಿಂದ, ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲದಂತಾಗಿ ಮನೆಯ ಲೆಕ್ಕವೇ ತಿರುಗಿ ಬಿತ್ತು. ಮುಂಚೆ ಎಲ್ಲಿಗೆ ಹೋಗೋದು ಅಂತ ಹೇಳ್ತಿದ್ದವನು ದುಡ್ಡು ಕೊಡೋ ಗಂಡಸು. ಈಗ ಅಜ್ಜಿ ಆಧಾರ್ ಕಾರ್ಡ್ ಸೆರಗಿಗೆ ಕಟ್ಕೊಂಡು ಮೊಮ್ಮಗಳನ್ನ ಕರ್ಕೊಂಡು ಘಾಟಿಗೆ ಹೊರಟ್ರೆ ಯಾರನ್ನೂ ಕೇಳಬೇಕಿಲ್ಲ. ಮೊಮ್ಮಗ ಜೊತೆಗಿದ್ರೆ ಅವನಿಗೆ ಅರ್ಧ ಟಿಕೆಟ್ಟು.

ಬೆಂಗಳೂರಿನಲ್ಲಿರೋ ನನ್ನಂಥವರಿಗೆ ಈ ಹಳೇ ವ್ಯವಸ್ಥೆ ಇನ್ನೂ ಸಂಪೂರ್ಣ ಕೈಬಿಟ್ಟಿಲ್ಲ. ಎಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಆದ ಇದೇ ದಾರಿಯಲ್ಲಿ ಈಗ ಕರೆಂಟಿನ ಮೆಮು ಓಡುತ್ತೆ. ಯಲಹಂಕದಲ್ಲಿ ಹತ್ತಿ, ಜನರಲ್ ಟಿಕೆಟ್ ಮೊಬೈಲಲ್ಲೇ ತಗೊಳ್ಳಬಹುದು. ಇಲ್ಲಿ ಮಕ್ಕಳಿಗೆ ಇವತ್ತಿಗೂ ಅರ್ಧವೇ. ದೊಡ್ಡಬಳ್ಳಾಪುರ ದಾಟಿದ ಮೇಲೆ ಮಕ್ಕಳನ್ನ ಕಿಟಕಿ ಹತ್ತಿರ ಕೂರಿಸಿ, ಮಾಕಳಿದುರ್ಗದ ಬೆಟ್ಟ, ಕೋಟೆ ಕಾಣುತ್ತೆ. ಕೆಲವು ಮೆಮು ಬೋಗಿಗಳಲ್ಲಿ ಶೌಚಾಲಯ ಇರಲ್ಲ, ಚಿಕ್ಕ ಮಕ್ಕಳಿದ್ರೆ ಹತ್ತೋಕೆ ಮುಂಚೆನೇ ಸ್ಟೇಷನ್ನಲ್ಲಿ ಮುಗಿಸಿಕೊಳ್ಳಿ. ವಿದುರಾಶ್ವತ್ಥದಲ್ಲಿ ಸಾಲುಸಾಲು ನಾಗರಕಲ್ಲು ಇವೆ, ಹುತಾತ್ಮರ ಸ್ಮಾರಕ ಇದೆ, ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ. ಹತ್ತು ವರ್ಷದ ಮಕ್ಕಳು ‘ಜಾತ್ರೆಗೆ ಬಂದವರನ್ನ ಯಾಕೆ ಹೊಡೆದ್ರು?’ ಅಂತ ಕೇಳೇ ಕೇಳ್ತಾರೆ, ಉತ್ತರ ರೆಡಿ ಇಟ್ಕೊಳ್ಳಿ. ನಂದಿ ಬೆಟ್ಟವನ್ನೂ ಅದೇ ದಿನ ಸೇರಿಸೋ ಆಸೆ ಬೇಡ. ಬುತ್ತಿಯನ್ನ ಈ ಸಲ ಅಪ್ಪಂದಿರು ಕಟ್ಟಲಿ, ಚಿತ್ರಾನ್ನ ಯಾರಿಗಾದ್ರೂ ಬರುತ್ತೆ. ಸಂಜೆ ಗಾಡಿಯ ಟೈಮು ಆಗಾಗ ಬದಲಾಗುತ್ತೆ, ಇಳಿದ ತಕ್ಷಣ ಸ್ಟೇಷನ್ನಲ್ಲಿ ಕೇಳಿಟ್ಕೊಳ್ಳಿ. ತಪ್ಪಿ ಹೋದ್ರೆ ಗೌರಿಬಿದನೂರಿನಿಂದ ಬೆಂಗಳೂರಿಗೆ ಬಸ್ಸುಗಳಿವೆ.