ಹಾರ್ಡಿಸ್ಟಿಯ ದಂಡಯಾತ್ರೆ

1970ರ ಜನವರಿ 1ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಅಂಕಿತ ಹಾಕಿದ ಶಾಸನವೊಂದು ಅಮೆರಿಕದ ಪ್ರಭುತ್ವಕ್ಕೆ ಹೊಸ ರಾಜಧರ್ಮವನ್ನು ವಿಧಿಸಿತು. ಸರ್ಕಾರದ ಯಾವುದೇ ಇಲಾಖೆ ಮಹಾಕಾರ್ಯಕ್ಕೆ ಒಪ್ಪಿಗೆ ನೀಡುವ ಮುನ್ನ, ಅದರಿಂದ ನೆಲ, ಜಲ, ಜೀವಸಂಕುಲಗಳಿಗೆ ಒದಗುವ ಗತಿಯನ್ನು ಲಿಖಿತವಾಗಿ ವಿಚಾರಿಸಬೇಕು. ಬರೆದುದನ್ನು ಪ್ರಜೆಗಳ ಮುಂದಿಟ್ಟು ಅವರ ಮಾತನ್ನು ಕೇಳಬೇಕು. ಕಾರ್ಯವನ್ನು ನಿಲ್ಲಿಸೆಂದು ಆ ಶಾಸನ ಎಲ್ಲಿಯೂ ಆಜ್ಞಾಪಿಸಲಿಲ್ಲ. ವಿಚಾರ ಮಾಡು ಎಂದಷ್ಟೇ ಹೇಳಿತು. ನಮ್ಮ ದೇಶದಲ್ಲಿ 1994ರಲ್ಲಿ ಹೊರಟ ಪರಿಸರ ಪರಿಣಾಮ ಅಧಿಸೂಚನೆಯೂ ಇದೇ ವಂಶದ್ದು. ಗಣಿಯ ವಿರುದ್ಧವೋ ಅಣೆಕಟ್ಟಿನ ವಿರುದ್ಧವೋ ಅಹವಾಲು ಸಭೆಯಲ್ಲಿ ಮೈಕಿಗೆ ಕೈಚಾಚುವ ನಮ್ಮ ರೈತನೂ ಆ ಶಾಸನದ ದೂರದ ವಾರಸುದಾರನೇ. ಹೀಗಾಗಿ ಆ ವಿಚಾರಣೆ ಒಮ್ಮೆ ಒಂದು ಮಹಾಬಲವನ್ನು ಹದಿಮೂರು ವರ್ಷ ಗಡಿಯಲ್ಲಿ ನಿಲ್ಲಿಸಿದ ವೃತ್ತಾಂತ ನಮಗೆ ಪರಕೀಯವಲ್ಲ.

ಆ ಬಲ ಕೆನಡಾದ ಕ್ಯಾಲ್ಗರಿಯ ಟ್ರಾನ್ಸ್‌ಕೆನಡಾ ಸಂಸ್ಥೆ. ಆಲ್ಬರ್ಟ ಪ್ರಾಂತದ ಮರಳಿನಲ್ಲಿ ಡಾಂಬರಿನಂತೆ ಅಂಟಿಕೊಂಡಿರುವ ಬಿಟುಮೆನ್ ತೈಲವನ್ನು ಗಲ್ಫ್ ತೀರದ ಶುದ್ಧೀಕರಣಾಗಾರಗಳಿಗೆ ಮುಟ್ಟಿಸುವುದು ಅದರ ಮಹತ್ವಾಕಾಂಕ್ಷೆ. 2008ರ ಸೆಪ್ಟೆಂಬರ್‌ನಲ್ಲಿ ಅದು ಕೀಸ್ಟೋನ್ ಎಕ್ಸ್‌ಎಲ್ ಎಂಬ ಕೊಳವೆಮಾರ್ಗಕ್ಕೆ ಅಪ್ಪಣೆ ಬೇಡಿತು. ಮುಂದೆ ವಿವಾದದಲ್ಲಿ ಉಳಿದ ಉತ್ತರ ಭಾಗವೊಂದೇ ಆಲ್ಬರ್ಟದ ಹಾರ್ಡಿಸ್ಟಿಯಿಂದ ಹೊರಟು, ಮೊಂಟಾನಾದ ಮಾರ್ಗನ್ ಬಳಿ ಗಡಿ ದಾಟಿ, ನೆಬ್ರಾಸ್ಕದ ಸ್ಟೀಲ್ ಸಿಟಿಯವರೆಗೆ ಸುಮಾರು 1,900 ಕಿಲೋಮೀಟರ್ ಉದ್ದ. ವ್ಯಾಸ 36 ಅಂಗುಲ. ದಿನಕ್ಕೆ 8,30,000 ಬ್ಯಾರೆಲ್ ಪ್ರವಾಹ. ದೇಶದೊಳಗೇ ಹರಿಯುವ ಕೊಳವೆಗೆ ರಾಜ್ಯಗಳ ಒಪ್ಪಿಗೆ ಬಹುಮಟ್ಟಿಗೆ ಸಾಕು. ಆದರೆ 1968ರಲ್ಲಿ ಲಿಂಡನ್ ಜಾನ್ಸನ್ ಹೊರಡಿಸಿ, 2004ರಲ್ಲಿ ಜಾರ್ಜ್ ಬುಷ್ ಪರಿಷ್ಕರಿಸಿದ ಆಜ್ಞೆಗಳ ಪ್ರಕಾರ, ಗಡಿ ದಾಟುವ ತೈಲಕ್ಕೆ ಅಧ್ಯಕ್ಷೀಯ ರಹದಾರಿ ಬೇಕಿತ್ತು. ಅದರ ವಿಚಾರಣೆ ವಿದೇಶಾಂಗ ಇಲಾಖೆಯ ಪಾಲಾಗಿತ್ತು. ರಾಯಭಾರ, ಸಂಧಿ, ವಿಗ್ರಹಗಳಲ್ಲಿ ನಿಷ್ಣಾತರಾದವರ ಮೇಜಿಗೆ ನೆಬ್ರಾಸ್ಕದ ಜೀರುಂಡೆಯ ಕಡತ ಬಂದುದು ಹೀಗೆ. ಆ ಇಲಾಖೆ ಇದಕ್ಕೆ ಸಿದ್ಧವಿರಲಿಲ್ಲವೆಂಬುದು ಮೊದಲ ಕರಡಿನಲ್ಲೇ ಬಯಲಾಯಿತು.

ಒಬಾಮ ಆಳ್ವಿಕೆಯ 2010ರಲ್ಲಿ ಹೊರಬಂದ ಆ ಕರಡನ್ನು ಪರಿಸರ ರಕ್ಷಣಾ ಸಂಸ್ಥೆಯೇ ಅಪರ್ಯಾಪ್ತವೆಂದು ಹಿಂದಿರುಗಿಸಿತು. ಅದೇ ವರ್ಷದ ಜುಲೈನಲ್ಲಿ ವಿಧಿಯೂ ಸಾಕ್ಷಿ ನುಡಿಯಿತು. ಮಿಷಿಗನ್ನಿನಲ್ಲಿ ಎನ್‌ಬ್ರಿಜ್ ಸಂಸ್ಥೆಯ ಕೊಳವೆ ಒಡೆದು, ಎಚ್ಚರಿಕೆಯ ಗಂಟೆ ಮೊಳಗಿದರೂ ನಿಯಂತ್ರಣ ಕೊಠಡಿಗೆ ಅರ್ಥವಾಗದೆ, ಸುಮಾರು ಹದಿನೇಳು ಗಂಟೆ ತೈಲ ಹೊರಚೆಲ್ಲಿತು. ಬಿಟುಮೆನ್ ನೀರಿನ ಮೇಲೆ ತೇಲಲಿಲ್ಲ. ಕಲಮಜೂ ನದಿಯ ತಳಕ್ಕೆ ಇಳಿಯಿತು. ಅತ್ತ ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್ ಎಂದರೆ ಮರಳುದಿಬ್ಬಗಳ ಮೇಲೆ ಹುಲ್ಲಿನ ತೆಳು ಹೊದಿಕೆ. ಚಕ್ರದ ಜಾಡು ಹುಲ್ಲನ್ನು ಸೀಳಿದರೆ ಗಾಳಿ ಅಲ್ಲಿಂದಲೇ ದಿಬ್ಬವನ್ನು ಕೊರೆಯುತ್ತದೆ. ಕೆಳಗೆ, ಕೆಲವೆಡೆ ಕೈಗೆಟುಕುವ ಆಳದಲ್ಲೇ, ಒಗಲಾಲ ಅಂತರ್ಜಲ. ತಲೆಮಾರುಗಳಿಂದ ದನ ಸಾಕುತ್ತ ಬಂದ, ಪರಿಸರವಾದಿಗಳೆಂದರೆ ಮೂಗು ಮುರಿಯುತ್ತಿದ್ದ ಸಂಪ್ರದಾಯಸ್ಥ ರೈತರು ಲಕೋಟ ಮೊದಲಾದ ಮೂಲನಿವಾಸಿಗಳ ಪಕ್ಕದಲ್ಲಿ ನಿಂತರು. 2011ರ ಬೇಸಿಗೆಯಲ್ಲಿ ಶ್ವೇತಭವನದ ಮುಂದೆ ಬಂಧಿತರಾದವರು ಸಾವಿರಕ್ಕೂ ಮಿಕ್ಕಿ.

2012ರ ಜನವರಿಯಲ್ಲಿ ಒಬಾಮ ಅರ್ಜಿಯನ್ನು ತಳ್ಳಿಹಾಕಿದರು. ಸಂಸ್ಥೆ ಮಾರ್ಗ ಬದಲಿಸಿ ಮತ್ತೆ ಬಂದಿತು. ಇಲ್ಲಿಂದ ಮುಂದಿನದು ನನ್ನ ಕಣ್ಣಿಗೆ ಇಡೀ ಕಥನದ ಹೃದಯ. 2014ರ ಜನವರಿ ಕೊನೆಯಲ್ಲಿ ಹನ್ನೊಂದು ಸಂಪುಟಗಳ ಪರಿಷ್ಕೃತ ವರದಿ ಬಂದಿತು. ಅದರ ತೀರ್ಪು ಸಂಸ್ಥೆಗೇ ಅನುಕೂಲವಾಗಿತ್ತು. ಈ ಕೊಳವೆ ಇಲ್ಲದಿದ್ದರೂ ತೈಲ ರೈಲಿನಲ್ಲಾದರೂ ಹೋಗುತ್ತದೆ, ಮರಳಿನಿಂದ ತೈಲ ತೆಗೆಯುವ ವೇಗ ತಗ್ಗದು, ಆದ್ದರಿಂದ ಇಂಗಾಲದ ಪಾಪವನ್ನು ಈ ಒಂದೇ ಯೋಜನೆಯ ಮೇಲೆ ಹೊರಿಸಲಾಗದು ಎಂಬುದು ಅದರ ತರ್ಕ. ಆದರೆ ಬೆಲೆ ಬ್ಯಾರೆಲ್ಲಿಗೆ 65ರಿಂದ 75 ಡಾಲರಿನ ಮಟ್ಟಕ್ಕೆ ಕುಸಿದರೆ ಸಾಗಣೆಯ ವೆಚ್ಚವೇ ನಿರ್ಣಾಯಕವಾದೀತು ಎಂಬ ಮಾತೂ ಅದೇ ಸಂಪುಟಗಳ ನಡುವೆ ಅಡಗಿತ್ತು. ವರದಿ ಬಂದಾಗ ಬೆಲೆ ನೂರರ ಆಸುಪಾಸಿನಲ್ಲಿತ್ತು. ವರ್ಷ ಕಳೆಯುವಷ್ಟರಲ್ಲಿ ಐವತ್ತಕ್ಕೆ ಬಿದ್ದಿತ್ತು. 2015ರ ಫೆಬ್ರವರಿಯಲ್ಲಿ ಪರಿಸರ ರಕ್ಷಣಾ ಸಂಸ್ಥೆ ಆ ಸಾಲುಗಳನ್ನೇ ಎತ್ತಿ ತೋರಿತು. ಅದೇ ತಿಂಗಳು ಸಂಸತ್ತು ಕಳಿಸಿದ ಮಸೂದೆಯನ್ನು ಒಬಾಮ ವೀಟೊ ಮಾಡಿದರು. ನವೆಂಬರ್ 6ರಂದು ಯೋಜನೆಯನ್ನೇ ನಿರಾಕರಿಸಿದರು. ಪರಿಶೀಲನೆ ಎಂದೂ ಬೇಡವೆನ್ನಲಿಲ್ಲ. ಅದು ಮಾಡಿದ್ದು ಕಾಲವನ್ನು ಹಿಗ್ಗಿಸಿದ್ದು. ಬೆಲೆ ಬೀಳುವ, ಮಿತ್ರರು ಚದುರುವ, ಸಿಂಹಾಸನ ಕೈಬದಲಾಗುವ ಅವಕಾಶವನ್ನು ಕಾಲ ಆ ಬಿಡುವಿನಲ್ಲಿ ಕಂಡುಕೊಂಡಿತು.

ಡೊನಾಲ್ಡ್ ಟ್ರಂಪ್ ಪಟ್ಟವೇರಿದ ನಾಲ್ಕನೆಯ ದಿನವೇ ಸಂಸ್ಥೆಯನ್ನು ಮರಳಿ ಕರೆದರು. 2017ರ ಮಾರ್ಚ್‌ನಲ್ಲಿ ರಹದಾರಿ ಸಿಕ್ಕಿತು. ಮೊಂಟಾನಾದ ನ್ಯಾಯಾಧೀಶ ಬ್ರಯನ್ ಮಾರಿಸ್ 2018ರ ನವೆಂಬರ್‌ನಲ್ಲಿ ಅದನ್ನು ತಡೆದರು. ಹಳೆಯ ಬೆಲೆಯ ಲೆಕ್ಕಕ್ಕೇ ಅಂಟಿಕೊಂಡದ್ದು, ಹಿಂದಿನ ಸರ್ಕಾರ ಹವಾಮಾನದ ಬಗ್ಗೆ ಕಂಡುಕೊಂಡದ್ದನ್ನು ಕಾರಣ ಕೊಡದೆ ಬದಿಗೆ ಸರಿಸಿದ್ದು ಅವರ ದೃಷ್ಟಿಯಲ್ಲಿ ಶಾಸನಭಂಗ. ಆಗ ಶ್ವೇತಭವನ ಹೂಡಿದ ತಂತ್ರ ಕೌಟಿಲ್ಯನೂ ಮೆಚ್ಚುವಂಥದು. ಶಾಸನ ಬಂಧಿಸುವುದು ಇಲಾಖೆಗಳನ್ನು, ಅಧ್ಯಕ್ಷನನ್ನಲ್ಲ. ಆದ್ದರಿಂದ 2019ರ ಮಾರ್ಚ್‌ನಲ್ಲಿ ಟ್ರಂಪ್ ಹಳೆಯ ರಹದಾರಿಯನ್ನು ರದ್ದುಮಾಡಿ ಸ್ವಹಸ್ತದಿಂದಲೇ ಹೊಸದನ್ನು ನೀಡಿದರು. 2020ರಲ್ಲಿ ಗಡಿಯ ಮೇಲಿನ 1.2 ಮೈಲಿಯ ತುಂಡು ಹೂಳಲ್ಪಟ್ಟಿತು, ಆಲ್ಬರ್ಟ ಸರ್ಕಾರ ಬೊಕ್ಕಸದಿಂದ ನೂರು ಕೋಟಿ ಡಾಲರಿಗೂ ಮಿಕ್ಕಿ ಸುರಿಯಿತು. ಆದರೆ ಒಬ್ಬ ಅಧ್ಯಕ್ಷನ ಸ್ವಹಸ್ತ ಕೊಟ್ಟದ್ದನ್ನು ಮತ್ತೊಬ್ಬನ ಸ್ವಹಸ್ತ ಕಸಿಯಬಲ್ಲದು. 2021ರ ಜನವರಿ 20ರಂದು, ಪ್ರಮಾಣವಚನದ ದಿನವೇ, ಜೋ ಬೈಡನ್ ರಹದಾರಿಯನ್ನು ಹಿಂಪಡೆದರು. ಜೂನ್ 9ರಂದು ಸಂಸ್ಥೆ ಶಸ್ತ್ರ ಕೆಳಗಿಟ್ಟಿತು. 1,500 ಕೋಟಿ ಡಾಲರ್ ಪರಿಹಾರ ಬೇಡಿದ ಅದರ ದಾವೆಯನ್ನೂ ಅಂತರರಾಷ್ಟ್ರೀಯ ನ್ಯಾಯಮಂಡಳಿ 2024ರಲ್ಲಿ ವಜಾ ಮಾಡಿತು.

ತೈಲ ಬೇರೆ ದಾರಿ ಹುಡುಕುತ್ತದೆಂಬ ಹನ್ನೊಂದು ಸಂಪುಟಗಳ ಭವಿಷ್ಯವಾಣಿ ಮಾತ್ರ ಪೂರ್ತಿ ಸುಳ್ಳಾಗಲಿಲ್ಲ. ಅದೇ 2024ರ ಮೇ 1ರಂದು, ಕೆನಡಾ ಸರ್ಕಾರವೇ ಕೊಂಡು ವಿಸ್ತರಿಸಿದ ಟ್ರಾನ್ಸ್ ಮೌಂಟನ್ ಮಾರ್ಗ ಆರಂಭವಾಯಿತು. ಅದಕ್ಕೂ ಒಮ್ಮೆ ಕೆನಡಾದ ನ್ಯಾಯಾಲಯ ಮೂಲನಿವಾಸಿಗಳ ಮಾತನ್ನು ಸರಿಯಾಗಿ ಕೇಳಿಲ್ಲವೆಂದು ತಡೆಯೊಡ್ಡಿ ಮರುವಿಚಾರಣೆ ಮಾಡಿಸಿತ್ತು. ಇಂದು ಅದರ ಸಾಮರ್ಥ್ಯ ದಿನಕ್ಕೆ 8,90,000 ಬ್ಯಾರೆಲ್. ಎಡ್ಮಂಟನ್ನಿನಿಂದ ಪೆಸಿಫಿಕ್ ತೀರದ ಬರ್ನಬಿಯವರೆಗೆ ಹಾಕಿದ ಆ ಹೊಸ ಕೊಳವೆಗೆ ವಾಷಿಂಗ್ಟನ್ನಿನ ರಹದಾರಿ ಬೇಕಾಗಲಿಲ್ಲ. ಅದು ಗಡಿಯನ್ನು ದಾಟುವುದೇ ಇಲ್ಲ.