ಲೆಚ್ಚೆಯಲ್ಲಿ ನಾಲ್ಕು ದಿನ, ಬಸರೂರಿನಲ್ಲಿ ಒಂದು ದಿನ

ಭೂಪಟದಲ್ಲಿ ಇಟಲಿ ದೇಶವು ಒಂದು ಪಾದರಕ್ಷೆಯಂತೆ ಕಾಣುತ್ತದಷ್ಟೆ. ಅದರ ಹಿಮ್ಮಡಿಯ ಭಾಗದಲ್ಲಿ ಲೆಚ್ಚೆ ಎಂಬ ಪಟ್ಟಣವಿದೆ. ನಿವೃತ್ತಿಯ ಬಳಿಕ ಮಗಳ ಸಂಸಾರದೊಡನೆ ಅಲ್ಲಿ ನಾಲ್ಕು ದಿನ ರಜೆ ಕಳೆಯುವ ಅವಕಾಶ ನನಗೆ ದೊರೆಯಿತು. ಕಲೆಯ ಚರಿತ್ರಕಾರರು ಬರೋಕ್ ಎಂದು ಕರೆಯುವ ಅಲಂಕಾರಪ್ರಧಾನ ಶೈಲಿ ಅಲ್ಲಿಯ ಬೀದಿಬೀದಿಯಲ್ಲೂ ಇದೆ. 1549ರಲ್ಲಿ ಆರಂಭವಾಗಿ 1695ರಲ್ಲಿ ಮುಗಿದ ಸಾಂತಾ ಕ್ರೋಚೆ ಎಂಬ ಇಗರ್ಜಿಯ ಮುಖಭಿತ್ತಿಯಲ್ಲಿ ಹೂವು, ಹಣ್ಣು, ಮೃಗ, ಮನುಷ್ಯಾಕೃತಿಗಳು ಒಂದನ್ನೊಂದು ಒತ್ತಿಕೊಂಡು ನಿಂತಿವೆ.

ನಾನು ಬಿಜೂರಿನವನು. ನಮ್ಮೂರಿನಿಂದ ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರದಲ್ಲಿ, ಕುಂದಾಪುರದಿಂದ ತುಸು ಒಳನಾಡಿಗೆ, ವಾರಾಹಿಯ ದಡದಲ್ಲಿ ಬಸರೂರಿದೆ. ಲೆಚ್ಚೆಗೂ ಇದಕ್ಕೂ ಏನು ಸಂಬಂಧವೆಂದು ಕೇಳುಗರು ಕೇಳಬಹುದು. ಸಂಬಂಧವುಂಟು. 1569ರಲ್ಲಿ ಪೋರ್ಚುಗೀಸರು ಬಸರೂರಿನ ಅಳಿವೆಯ ಕೋಟೆಯನ್ನು ಹಿಡಿದರು. 1580ರಿಂದ 1640ರವರೆಗೆ ಸ್ಪೇನಿನ ಅರಸನೇ ಪೋರ್ಚುಗಲ್ಲಿಗೂ ಅರಸನಾಗಿದ್ದನು. ಲೆಚ್ಚೆಯನ್ನೊಳಗೊಂಡ ನೇಪಲ್ಸ್ ರಾಜ್ಯವೂ ಅವನದೇ. ಆ ಇಗರ್ಜಿಯ ಕಲ್ಲು ಏರುತ್ತಿದ್ದಾಗ ನಮ್ಮ ಅಳಿವೆಯ ಕೋಟೆಗೂ ಆ ಪಟ್ಟಣಕ್ಕೂ ಒಬ್ಬನೇ ದೊರೆ!

ಅದೇ ಕಾಲದಲ್ಲಿ, 1623ರಲ್ಲಿ, ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಕೊಲ್ಲೂರಿನ ಮಾರ್ಗವಾಗಿ ಬಸರೂರಿಗೆ ಇಳಿದನು. ಬಸರೂರು ಎರಡು, ಒಳನಾಡಿನದು ನಾಯಕನದು, ಕಡಲಂಚಿನದು ಪೋರ್ಚುಗೀಸರದು ಎಂದು ಆತ ಸ್ಪಷ್ಟವಾಗಿ ಬರೆದಿದ್ದಾನೆ. ಇಕ್ಕೇರಿಗೆ ಹೋಗುವಾಗ ಘಟ್ಟದ ಗುಡಿಯೊಂದರ ಜಗಲಿಯಲ್ಲಿ ಹುಡುಗರು ರಾಗವಾಗಿ ಹೇಳುತ್ತ ಮರಳಿನ ಮೇಲೆ ಬರೆದು ಲೆಕ್ಕ ಕಲಿಯುವುದನ್ನೂ ನಿಂತು ನೋಡಿದವನು ಅವನು.

ಹಾಗಾದರೆ ಬಸರೂರಿನಲ್ಲಿ ಲೆಚ್ಚೆಯಂತಹ ವೈಭವ ಏಕೆ ಕಾಣದು? ಮೊದಲ ಕಾರಣ ಕಲ್ಲು. ಲೆಚ್ಚೆಯ ಸುಣ್ಣಕಲ್ಲು ಅಗೆದಾಗ ಮೆದು, ಗಾಳಿಗೆ ಗಟ್ಟಿ. ನಮ್ಮ ಮುರಕಲ್ಲಿನ ಗುಣವೂ ಅದೇ. ಆದರೆ ಅದರ ಮೈಯೆಲ್ಲ ತೂತು, ನಯವಾದ ಕೆತ್ತನೆಗೆ ಒಗ್ಗದು. ನಾಲ್ಕು ತಿಂಗಳು ಸುರಿಯುವ ಮಳೆಯೋ ಅಲಂಕಾರಕ್ಕಿಂತ ಮೊದಲು ಇಳಿಜಾರಾದ ಮಾಡನ್ನು ಕೇಳುತ್ತದೆ. ಎರಡನೆಯ ಕಾರಣ ಸಂಪತ್ತಿನ ದಾರಿ. ಬಸರೂರಿನ ಐಶ್ವರ್ಯ ಅಕ್ಕಿ. ಅದು ಹಡಗೇರಿ ಹೊರಗೆ ಹೋಯಿತು. ಇಲ್ಲಿ ಉಳಿದ ಹಣವನ್ನು ವರ್ತಕರು ಗುಡಿಗಳಿಗೆ, ಧರ್ಮಕಾರ್ಯಗಳಿಗೆ ದತ್ತಿಯಾಗಿ ಬಿಟ್ಟರು. 1665ರಲ್ಲಿ ಶಿವಾಜಿಯ ನೌಕಾಪಡೆ ಬಂದು ಸೂರೆ ಮಾಡಿತು. ಕಾಲಕ್ರಮದಲ್ಲಿ ವ್ಯಾಪಾರವೂ ಸರಿಯಿತು.

ಉಳಿದಿರುವುದು ಅಕ್ಷರ. ಇಲ್ಲಿಯ ಶಾಸನಗಳಲ್ಲಿ ನಖರ, ಹಂಜಮಾನ ಎಂಬ ವರ್ತಕ ಸಂಘಗಳ ಹೆಸರಿದೆ. ಮೂಡುಕೇರಿ, ಪಡುವಕೇರಿಗಳ ಹೆಸರಿದೆ. ಹಂಜಮಾನವೆಂಬುದು ಪಾರಸಿಯ ಅಂಜುಮನ್. ಕಡಲಾಚೆಯಿಂದ ಬಂದವರಿಗೂ ಊರಿನ ವ್ಯವಹಾರದಲ್ಲಿ ಸ್ಥಾನವಿತ್ತೆಂಬುದಕ್ಕೆ ಆ ಒಂದು ಪದವೇ ಸಾಕ್ಷಿ. ತುಳುವೇಶ್ವರನ ಗುಡಿಯಲ್ಲಿ ಮರದ ಬೇರುಗಳೇ ಗೋಡೆಯನ್ನು ಹಿಡಿದುಕೊಂಡಿವೆ.

ಲೆಚ್ಚೆಯ ಚೆಲುವು ಭಾಷೆ ಬಾರದವನಿಗೂ ಕಾಣುತ್ತದೆ. ಬಸರೂರಿನದು ಹಾಗಲ್ಲ, ಓದಬಲ್ಲವನಿಗೆ ಮಾತ್ರ ಅದು ಪಟ್ಟಣ, ಉಳಿದವರಿಗೆ ಹಾಸುಗಲ್ಲು. ಹಳೆಯ ಲಿಪಿಯನ್ನು ಬಿಡಿಸಿ ಓದಬಲ್ಲವರು ನಮ್ಮ ಊರುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ತೀರಿದ ದಿನ ಇನ್ನೊಂದು ಸೂರೆ ನಡೆದಂತೆ. ಅದಕ್ಕೆ ಹಡಗೂ ಬೇಡ, ಸೈನ್ಯವೂ ಬೇಡ. ಬರುವ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಒಂದು ದಿನ ಬಸರೂರಿಗೆ ಹೋಗಿ. ಮುದ್ರಿತವಾದ ಶಾಸನಪಾಠವೊಂದು ಕೈಯಲ್ಲಿರಲಿ. ಕಲ್ಲಿನ ಮುಂದೆ ಕುಳಿತು, ಒಂದು ಸಾಲನ್ನಾದರೂ ಅವರ ಬೆರಳಿನಿಂದಲೇ ಓದಿಸಿ.